ಬುಟ್ಟಿಯ ನೀರು

ಮೂರು ದಿನ ಎಣಿಸಿದೆ.
ಕೋಡಿಬಾಗದ ವೃತ್ತದಲ್ಲಿ, ಗೂಡಂಗಡಿಯ ತಗಡಿನ ನೆರಳಿಗೆ
ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು
ನಾಲ್ಕು ಗೀಟಿಗೊಂದು ಅಡ್ಡಗೀಟು ಹಾಕುತ್ತ:
ಸೇತುವೆ ಇಳಿದ ರಭಸದಲ್ಲೇ ನುಗ್ಗುವ ಗೋವೆಯ ಬಸ್ಸು,
ತಾಡಪಾಲು ಬಿಗಿದ ಲಾರಿ, ನೌಕಾನೆಲೆಯ ವ್ಯಾನು,
ಒಂದೇ ಸ್ಕೂಟರಿನ ಮೇಲೆ ಮೂವರು ಕಾಲೇಜು ಹುಡುಗಿಯರು.
ಇವರನ್ನು ಒಂದೆಂದು ಬರೆಯಲೋ, ಮೂರೆಂದೋ?
ನನ್ನ ಫಾರಮ್ಮಿನಲ್ಲಿ ಗಾಡಿಗಳಿಗೆ ಎಂಟು ಕಾಲಮ್ಮು,
ನಡೆಯುವವರಿಗೆ ಒಂದು. ಅದರ ಹೆಸರು ‘ಇತರೆ’.

ವೃತ್ತದ ನಡುವೆ ಸಿಮೆಂಟಿನ ಡಾಲ್ಫಿನ್,
ಯಾರೋ ದಾನಿಗಳು ಕೊಟ್ಟದ್ದು, ಮೂಗು ಮುರಿದಿದೆ.
ಅದರ ಹೊಟ್ಟೆಯ ಹಿಂದೆ ಏನು ಬರುತ್ತಿದೆಯೋ
ಹತ್ತಿರ ಬರುವವರೆಗೂ ಕಾಣದು.
ವೃತ್ತದ ಒಳಗಿದ್ದವನಿಗೆ ಮೊದಲ ದಾರಿ
ಎಂದು ನಾನು ಓದಿದ ಪುಸ್ತಕ ಹೇಳುತ್ತದೆ.
ಇಲ್ಲಿ ಹಾರ್ನು ದೊಡ್ಡದಿದ್ದವನಿಗೆ.
ಹೋಮ್‌ಗಾರ್ಡ್ ಬಾಂದೇಕರ ಸೀಟಿ ಒರೆಸಿಕೊಂಡು ನಗುತ್ತಾನೆ:
‘ಇದಕ್ಕೆ ನಿಲ್ಲೂದು ಸೈಕಲ್ಲಿನವ್ರು ಮಾತ್ರ, ಮೇಡಂ.’

ದಾಟುವ ಪಟ್ಟೆ ಇಲ್ಲವೆಂದಲ್ಲ.
ಹೋದ ವರ್ಷ ಬಳಿದದ್ದು, ನಲವತ್ತು ಹೆಜ್ಜೆ ಆಚೆ,
ನಕ್ಷೆಯಲ್ಲಿ ಇದ್ದಲ್ಲೇ, ಅಳತೆಗೆ ಸರಿಯಾಗಿ.
ಬಿಳಿ ಇನ್ನೂ ಹೊಸದು.
ಯಾರೂ ತುಳಿದಿಲ್ಲ.

ಮೂರನೆಯ ಬೆಳಿಗ್ಗೆ ಬೈತಕೋಲದ ಟೆಂಪೋ ನಿಂತಿತು.
ಹೆಂಗಸರು ಇಳಿದರು, ಬುಟ್ಟಿ ತಲೆಗೇರಿಸಿದರು.
ಶೇವಂತಿ ತಾಂಡೇಲ ನನ್ನ ಹಾಳೆಗೆ ಬಗ್ಗಿದಳು,
ಬುಟ್ಟಿ ಒಂದಿಷ್ಟೂ ಅಲುಗದೆ.
‘ಎಂತ ಬರೂದು ತಂಗಿ?’
‘ಗಾಡಿ ಎಣಿಸ್ತಾ ಇದ್ದೇನೆ.’
‘ನಮ್ಮನ್ನ?’
ಉತ್ತರ ತಡವರಿಸಿತು. ಅದನ್ನು ಮರೆಸಲು ಕೇಳಿದೆ,
ಅಲ್ಲಿ ಪಟ್ಟೆ ಇದೆಯಲ್ಲ, ಅಲ್ಲಿ ದಾಟಬಾರದೆ?
‘ಅಲ್ಲಿ ದಾಟಿದ್ರೆ ಎದುರಿಗೆ ಗಟಾರ.
ಗಟಾರದಲ್ಲಿ ನಿಂತು ಬಾಂಗ್ಡೆ ಮಾರೂದಾ?’
ನಗು ನಿಲ್ಲಿಸಿ ಗಲ್ಲದಿಂದ ರಸ್ತೆ ತೋರಿಸಿದಳು:
‘ಸಾತು ಬಿದ್ದದ್ದು ಅಗೋ ಅಲ್ಲಿ, ಹೋದ ಮಳೆಗಾಲ.
ಕಾಲು ಹೋಯ್ತು, ಬುಟ್ಟಿ ಸಿಕ್ತು.
ಈಗ ಮನೇಲಿ ಕೂತು ಸಿಗಡಿ ಸುಲೀತಾಳೆ.’
ದಾಟಿ ಹೋದಳು.

ಆಮೇಲೆ ಕಂಡದ್ದು:
ಡಾಂಬರಿನ ಮೇಲೆ ಹನಿ, ಹನಿ, ಹನಿ.
ಬುಟ್ಟಿಯ ತಳದಿಂದ ಇಳಿದ ಮಂಜುಗಡ್ಡೆಯ ನೀರು.
ಅವಳದ್ದು ಮಾತ್ರವಲ್ಲ, ಆರೂ ಹೆಂಗಸರದ್ದು
ಒಂದೇ ಓರೆಗೆರೆಯಲ್ಲಿ,
ಡಾಲ್ಫಿನ್ನಿನ ಬಾಲ ಬಳಸಿ, ಎದುರಿನ ಓಣಿಯ ಬಾಯಿಗೆ.
ನಡುವೆ ಒಂದು ಕಡೆ ಹನಿಗಳು ಕೂಡಿ ಮಡುವಾಗಿವೆ.
ಅಲ್ಲಿ ನಿಂತಿದ್ದರು, ಲಾರಿ ಹೋಗಲೆಂದು.
ಎಷ್ಟು ಹೊತ್ತು ನಿಂತರೋ ಅಷ್ಟು ಅಗಲ.
ಒಂದು ಬೆಕ್ಕು ಅದೇ ಗೆರೆ ಮೂಸುತ್ತ ಹೊರಟಿತ್ತು,
ಮಡುವಿನ ಬಳಿ ಅದೂ ನಿಂತಿತು.

ಬಿಸಿಲು ಏರುತ್ತಿತ್ತು. ಓಡಿದೆ.
ಬಾಂದೇಕರ ಟೇಪಿನ ಆ ತುದಿ ಹಿಡಿದ,
ಬಾಯಲ್ಲಿ ಸೀಟಿ, ಒಂದು ಕೈ ಬಸ್ಸಿನ ಮೂತಿಗೆ.
ನಾನು ಸುಣ್ಣದ ಪುಡಿ ಚೆಲ್ಲುತ್ತ ಹೋದೆ,
ಒಂದು ತುದಿ ಗುರುತು ಮಾಡುವಾಗ
ಇನ್ನೊಂದು ತುದಿ ಆರುತ್ತಿತ್ತು.

ಕಚೇರಿಯಲ್ಲಿ ಸಾಹೇಬರು ನಕ್ಷೆ ತಿರುಗಿಸಿ ನೋಡಿದರು.
ಸೇತುವೆ ಕಡೆಯ ಬಾಯಿ ಕಿರಿದು ಮಾಡುವುದು, ಸರಿ.
ಉಬ್ಬು, ಸರಿ. ಡಾಲ್ಫಿನ್ ತೆಗೆಯುವುದೆಂದರೆ
ದಾನಿಗಳನ್ನು ಕೇಳಬೇಕು.
‘ಈ ಪಟ್ಟೆ ಯಾಕೆ ಓರೆ? ನಡುವೆ ಈ ನಿಲ್ದಾಣ?
ಯಾವ ಆಧಾರದ ಮೇಲೆ?’
ಮೀನಿನ ನೀರು ಎಂದು ಬರೆಯಲು ಕಾಲಮ್ಮಿರಲಿಲ್ಲ.
‘ಸ್ಥಳ ಪರಿಶೀಲನೆ’ ಎಂದು ಬರೆದೆ.

ಫೈಲು ಹೋಗಿದೆ. ಎಲ್ಲಿದೆಯೋ ಗೊತ್ತಿಲ್ಲ.
ಅಷ್ಟರಲ್ಲಿ ಬಾಂದೇಕರ ಎಲ್ಲಿಂದಲೋ
ಮೂರು ಡ್ರಮ್ಮು ತಂದು, ಮರಳು ತುಂಬಿ, ಸುಣ್ಣ ಬಳಿದು
ಆ ಮಡುವಿದ್ದ ಜಾಗದ ಸುತ್ತ ಇಟ್ಟಿದ್ದಾನೆ.
ಲಾರಿಗಳು ನಿಧಾನಿಸುತ್ತವೆ,
ಡ್ರಮ್ಮಿಗೆ ಹೆದರಿ. ಇರಲಿ.

ಮೊನ್ನೆ ಶೇವಂತಿ ಒಂದು ಡ್ರಮ್ಮಿನ ಮೇಲೆ ಬುಟ್ಟಿ ಇಳಿಸಿ
ಸಿಂಬಿ ಬಿಚ್ಚಿ ಮತ್ತೆ ಸುತ್ತಿಕೊಂಡಳು,
ರಸ್ತೆಯ ನಟ್ಟನಡುವೆ, ತನ್ನ ಹಿತ್ತಿಲೆಂಬಂತೆ.
ಆಮೇಲೆ ಈಚೆ ದಡದ ನನ್ನ ಕಡೆ ಕೂಗಿದಳು:
‘ಬರ್ಕೋ ತಂಗಿ, ಒಂದು!’